ಕತ್ತಲಿಗೆ ಬಿಟ್ಟ ಅರ್ಧ ಮುಖ

ಆ ಭಾನುವಾರ ಮಧ್ಯಾಹ್ನ ನನ್ನ ಹೆಂಡತಿ ಸರೋಜಾ ರೊಟ್ಟಿ ಬಡಿಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದಳು. ಹಿಟ್ಟಿನ ಡಬ್ಬಿಯ ಮೇಲೆ ಕ್ಯಾಮೆರಾ ಇಟ್ಟು, ಟೈಮರ್ ತಿರುಗಿಸಿ, ಕಿಟಕಿಯ ಪಕ್ಕ ಹೋಗಿ ಕೂತಳು.

"ಊಟ?" ಎಂದೆ.

"ರೊಟ್ಟಿ ಆಮ್ಯಾಲೂ ಬಡಿಬಹುದು. ಈ ಬೆಳಕು ಹೋದ್ರ ನಾಳಿತನಕ ಬರಂಗಿಲ್ರೀ. ಸುಮ್ನ ಕೂಡ್ರಿ."

ಸಂಜೆ ಬಚ್ಚಲಲ್ಲಿ ತಾನೇ ಫಿಲಂ ತೊಳೆದು ಹಗ್ಗಕ್ಕೆ ನೇತುಹಾಕಿದಳು. ಮರುದಿನ ಜ್ವರ ಬಂತು. ಮುಂದಿನ ಭಾನುವಾರ ಅವಳಿರಲಿಲ್ಲ.

ನಮ್ಮ ಗದಗದ ಎರೆಹೊಲದಲ್ಲಿ ನಿಂತರೆ ಆಕಾಶ ನೆಲ ಮುಟ್ಟುವವರೆಗೂ ಕಾಣುತ್ತದೆ, ಊರಲ್ಲೇ ಇರುವ ನಿಮಗೆ ಗೊತ್ತು. ಕಾರ್ಖಾನೆ ಕೆಲಸಕ್ಕೆಂದು ರಾಮನಗರಕ್ಕೆ ಬಂದಾಗ ಎತ್ತ ನೋಡಿದರೂ ಬಂಡೆ. ಆದರೂ ಬಾಡಿಗೆ ಕೋಣೆಯ ಒಂದೇ ಕಿಟಕಿಯಾಚೆ ಹಿಪ್ಪುನೇರಳೆ ತೋಟವಿತ್ತು. ವರ್ಷದೊಳಗೆ ತೋಟ ಹೋಗಿ ಇನ್ನೊಂದು ಕಾರ್ಖಾನೆಯ ಗೋಡೆ ಎದ್ದಿತು. ಮಧ್ಯಾಹ್ನ ಅದರ ತಗಡಿಗೆ ಬಿದ್ದ ಬಿಸಿಲು ತಿರುಗಿ ನಮ್ಮ ಕೋಣೆಗೆ ಸ್ವಲ್ಪ ಹೊತ್ತು ಬರುತ್ತಿತ್ತು. ಸರೋಜಾ ತನ್ನ ಅಪ್ಪನ ಹಳೆಯ ಕ್ಯಾಮೆರಾ ಹಿಡಿದು, ಬಲ ಹುಬ್ಬಿನ ಮೇಲಿನ ಗಾಯದ ಕಲೆಯನ್ನು ಉಜ್ಜುತ್ತಾ ಅದಕ್ಕಾಗಿ ಕಾಯುತ್ತಿದ್ದಳು. ಮೊಳೆಗೆ ತಗುಲಿಸಿದ ನನ್ನ ಅಂಗಿ, ಬಕೆಟ್ಟಿನ ಅಂಚು, ಕಿಟಕಿಯ ಸರಳು. ಅವಳು ತೆಗೆದದ್ದೆಲ್ಲ ಕಪ್ಪು-ಬಿಳುಪು.

"ಬಣ್ಣ ಹಾಕಿದ್ರ ಈ ಖೋಲಿ ಛಂದ ಕಾಣ್ತೈತ್ರಿ. ಸುಳ್ಳಾಗ್ತೈತಿ," ಎನ್ನುತ್ತಿದ್ದಳು. "ಬೆಳಕು ಹಿಡಿದಷ್ಟ ನಮ್ದು. ಉಳಿದದ್ದು ಕತ್ತಲಿಗೆ ಬಿಡಬೇಕು."

ಮನೆಯ ಒಡತಿ ಜಯಮ್ಮನವರಿಗೆ ಇದು ತಮಾಷೆ. "ಲೈಟ್ ಹಾಕ್ಕೊಂಡು ತೆಗಿಯವ್ವ, ಕರೆಂಟ್ ಬಿಲ್ಲು ನಾನೇ ಕಟ್ತೀನಿ ಬುಡು!" ಮುದ್ದೆ ತಂದುಕೊಟ್ಟು, ಅಗಿಯದೆ ನುಂಗುವುದನ್ನು ಕಲಿಸಿದವರೂ ಅವರೇ. ಇಲ್ಲಿನ ಹಿರಿಯ ಹೆಂಗಸರಂತೆ ಅವರಿಗೆ ಎರಡೂ ಹೊಳ್ಳೆಗೆ ಮೂಗುಬೊಟ್ಟು. ಸರೋಜಾಳಿಗೆ ಎಡಕ್ಕೆ ಒಂದೇ.

ತಿಥಿಗೆ ಫೋಟೋ ಬೇಕಾಯಿತು. ಮದುವೆಯ ಫೋಟೋಗಳಲ್ಲಿ ಬಾಸಿಂಗ ಹುಬ್ಬಿನವರೆಗೂ ಇಳಿದಿದೆ, ಮುಖ ಬಗ್ಗಿದೆ. ಉಳಿದದ್ದು ಆ ಭಾನುವಾರದ ಚಿತ್ರ. ಅದರಲ್ಲಿ ಎಡಗೆನ್ನೆ, ಎಡಗಣ್ಣು, ಮೂಗುಬೊಟ್ಟಿನ ಮಿಂಚು ಮಾತ್ರ ಇವೆ. ಬಲಗಡೆ ಪೂರಾ ಕತ್ತಲು.

"ಎಡೆ ಇಕ್ಕೋವಾಗ ಅವ್ಳು ಎರಡು ಕಣ್ಣೂ ಬುಟ್ಕೊಂಡು ನೋಡ್ಬೇಕು ಕಣಪ್ಪ," ಎಂದರು ಜಯಮ್ಮ. "ಒಸಿ ಬೆಳ್ಳಗೆ ಮಾಡ್ಸು." ಒಸಿ ಎಂದರೆ ಸ್ವಲ್ಪ, ನಮ್ಮ ಕಡೆಯ 'ಜರಾ'.

ಸ್ಟುಡಿಯೋದವನು ಫಿಲಂ ಎತ್ತಿ ಹಿಡಿದು ನೋಡಿದ. "ಕತ್ಲಲ್ಲಿ ಏನೂ ಇಲ್ಲ ಸಾರ್, ಫಿಲಂನಾಗೇ ಬಂದಿಲ್ಲ. ಈ ಅರ್ಧನೇ ತಿರುಗ್ಸಿ ಆ ಕಡೆ ಅಂಟಿಸ್ಬುಡ್ತೀನಿ. ಕಂಪ್ಯೂಟರ್ ಐತೆ, ಗೊತ್ತಾಗಕಿಲ್ಲ."

ಅವಳಾಗಿದ್ದರೆ ಬೇಡವೆನ್ನುತ್ತಿದ್ದಳು. ನಾನು ಹೂಂ ಎಂದೆ. ನನಗೂ ಅವಳ ಪೂರ್ತಿ ಮುಖ ನೋಡಬೇಕಿತ್ತು.

ಹಾರ ಹಾಕಿದ ಮೇಲೆ ಜಯಮ್ಮ ಹತ್ತಿರ ಹೋಗಿ ನೋಡಿದರು. "ಅಯ್ಯೋ, ಎರಡು ಮೂಗ್ಬೊಟ್ಟು! ನಮ್ಮೋಳೇ ಆಗ್ಬುಟ್ಲಲ್ಲಪ್ಪ!" ನಗಲು ಹೋಗಿ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಊರಿಗೆ ಬಂದುಬಿಡು ಎಂದು ನೀವೆಲ್ಲ ಕರೆಯುತ್ತೀರಿ. ಈ ಕೋಣೆಯಲ್ಲಿ ನನಗೂ ಉಸಿರು ಕಟ್ಟುತ್ತದೆ. ಆದರೆ ಆ ತಗಡಿನ ಬೆಳಕು ಬೀಳುವುದು ಇಲ್ಲಿ ಮಾತ್ರ. ಗೋಡೆಯ ಮೇಲೆ ಈಗ ಎರಡು ಫೋಟೋಗಳಿವೆ, ಅವಳು ತೆಗೆದದ್ದು ಮತ್ತು ಸ್ಟುಡಿಯೋದವನು ಮಾಡಿಕೊಟ್ಟದ್ದು.

ಬಲ ಹುಬ್ಬಿನ ಕಲೆ ಎರಡರಲ್ಲೂ ಇಲ್ಲ.