ಹಾಲಮ್ಮ ಒಲೆ ಹಚ್ಚದ ದಿನ

ಗಂಡ ತೀರಿಕೊಂಡ ಮೇಲೆ ಹಾಲಮ್ಮ ಹಿರಿಯೂರಿನ ಕೃಷಿ ತರಬೇತಿ ಕೇಂದ್ರದಲ್ಲಿ ಅಡುಗೆಗೆ ಸೇರಿದಳು. ಕಳೆದ ವರ್ಷ ನಮ್ಮ ಸರ್ಕಾರದ ನೆರವಿನಲ್ಲಿ ರಾಗಿ ಬೇಸಾಯ ಕಲಿಯಲು ಆಫ್ರಿಕಾದ ಮಲಾವಿಯಿಂದ ಕೆಲವರು ಬಂದರು. ಅವರಲ್ಲಿ ಚಿಕೊಂಡಿ ಎಂಬ ಹುಡುಗಿಯೂ ಇದ್ದಳು.

"ಮುದ್ದೆ ಅಗೀಬಾರ್ದವ್ವ, ನುಂಗ್ಬೇಕು," ಎಂದು ಹಾಲಮ್ಮ ಮೊದಲ ದಿನವೇ ಸನ್ನೆ ಮಾಡಿ ತೋರಿಸಿದಳು. ಚಿಕೊಂಡಿ ನಕ್ಕು, ತುತ್ತನ್ನು ಸಾರಿನಲ್ಲಿ ಅದ್ದಿ ಸಲೀಸಾಗಿ ನುಂಗಿದಳು. ಊರಲ್ಲಿ ಅವಳ ತಾಯಿ ಮುಸುಕಿನ ಜೋಳದ ಹಿಟ್ಟಿನಲ್ಲಿ ಇಂಥದೇ ಮುದ್ದೆ ಮಾಡುತ್ತಿದ್ದಳಂತೆ.

ಸಮಾರೋಪದ ದಿನ ಬೆಳಿಗ್ಗೆ ಆ ತಾಯಿ ಸತ್ತ ಸುದ್ದಿ ಬಂತು. ವಿಮಾನ ಹತ್ತಿದರೂ ಮಣ್ಣು ಮಾಡುವ ಹೊತ್ತಿಗೆ ಮುಟ್ಟುವಂತಿರಲಿಲ್ಲ.

ಹಾಲಮ್ಮ ಕೇಂದ್ರದ ಒಲೆ ಹಚ್ಚಲೇ ಇಲ್ಲ. 'ಎರಡು ದೇಶಗಳ ಸ್ನೇಹ' ಎಂಬ ಬ್ಯಾನರಿನ ಕೆಳಗೆ ಅಧಿಕಾರಿಗಳು ಊಟಕ್ಕೆ ಕಾಯುತ್ತಿದ್ದರು. ಮೇಲ್ವಿಚಾರಕ ಹಾಲೇಶ್ ರೇಗಿದ.

"ಸಾವಾದ ಮನೇಲಿ ಒಲೆ ಹಚ್ಚಲ್ಲ ಸಾರ್."

"ಸತ್ತಿರೋದು ಮಲಾವಿಯಾಗೆ ಕಣಮ್ಮ."

"ಮಗಳು ಇಲ್ಲೇ ಇದಾಳಲ್ಲ ಸಾರ್."

ಅಧಿಕಾರಿಗಳಿಗೆ ಹೋಟೆಲಿನಿಂದ ಊಟ ಬಂತು. ಭಾಷಣಗಳಿಗೇನೂ ಅಡ್ಡಿಯಾಗಲಿಲ್ಲ. ಹಾಲಮ್ಮ ತನ್ನ ಮನೆಯಲ್ಲಿ ಮುದ್ದೆ ಮಾಡಿ ತಂದು ಚಿಕೊಂಡಿಯ ಮುಂದಿಟ್ಟಳು.

ಹುಡುಗಿ ಒಂದು ತುತ್ತು ಮುರಿದು ಬಾಯಿಗಿಟ್ಟುಕೊಂಡು ಅಗಿದಳು. ಅಗಿಯುತ್ತಲೇ ಇದ್ದಳು. ನುಂಗು ಎನ್ನಲು ಹಾಲಮ್ಮನಿಗೆ ಬಾಯಿ ಬರಲಿಲ್ಲ.