ಗಿರಣಿ ನಿಂತಾಗ ಕೇಳಿದ ಸದ್ದು

ಬಿ.ಪಿ. ಯಂತ್ರ ಕೆಟ್ಟಿರಲಿಲ್ಲ, ಕೊಟ್ರಕ್ಕ. ನಿನ್ನ ಬಿ.ಪಿ. ಕಾರ್ಡಿನಲ್ಲಿ ಆರು ವಾರ ನಾನು ಬರೆದ ನೂರಿಪ್ಪತ್ತು–ಎಂಬತ್ತು ಸುಳ್ಳು. ನಾನೇ ಹುಟ್ಟಿಸಿದ್ದು.

ಆರು ವಾರವೋ, ಎಂಟೋ — ನೆನಪು ನನ್ನ ಪರ ವಾದಿಸುತ್ತದೆ, ಅದನ್ನು ನಂಬಬೇಡ.

ಇಪ್ಪತ್ತು ವರ್ಷದ ಹಿಂದೆ ಮಹಿಳಾ ಸಂಘದವರೆಲ್ಲ ಸೇರಿ ನನ್ನನ್ನು ಕೂಡ್ಲಿಗಿಗೆ ಆರೋಗ್ಯ ಕಾರ್ಯಕರ್ತೆಯ ತರಬೇತಿಗೆ ಕಳಿಸಿದಿರಿ. ಅಲ್ಲಿನ ನಿಶ್ಶಬ್ದ ಕೋಣೆಯಲ್ಲಿ ಕಿವಿಗೆ ನಳಿಕೆ ಇಟ್ಟರೆ ನಾಡಿಯ ಟಕ್ ಟಕ್ ಸ್ಪಷ್ಟವಾಗಿತ್ತು. ಊರಲ್ಲಿ ಹೆಂಗಸರಿಗೆ ಪುರುಸೊತ್ತು ಸಿಗುವುದು ಜೋಳ ಬೀಸಿಸಲು ಕಾಯುವಾಗ ಮಾತ್ರ ಎಂದು ಗಿರಣಿಯ ಕಟ್ಟೆ ಮೇಲೆ ಕೂತೆ. ನನ್ನದೇ ಯೋಚನೆ, ಎಲ್ಲರೂ ಹೊಗಳಿದಿರಿ. ಮೊದಲ ದಿನವೇ ತಿಳಿಯಿತು — ಗಿರಣಿಯ ಆರ್ಭಟದಲ್ಲಿ ನಳಿಕೆಯೊಳಗೆ ಏನೂ ಕೇಳಿಸುವುದಿಲ್ಲ. ಹೇಳಬಹುದಿತ್ತು. ಆದರೆ ಆಗಲೇ ನಾನು ‘ಡಾಕ್ಟ್ರವ್ವ’ ಆಗಿದ್ದೆ. ಪಾದರಸ ಇಳಿಯುವುದನ್ನು ನೋಡುತ್ತ, ತಲೆಯಾಡಿಸಿ, ಎಲ್ಲರಿಗೂ ಅದೇ ನೂರಿಪ್ಪತ್ತು–ಎಂಬತ್ತು ಬರೆದೆ.

“ಬಿ.ಪಿ. ಹೋತಲ್ಲ ತಂಗಿ, ಇನ್ನ ಗುಳಿಗಿ ಯಾಕ ಬೇಕು?” ಅಂದೆ ನೀನು. ಆ ಸದ್ದಿನಲ್ಲೂ ಇದು ಕೇಳಿಸಿತು. ನಾನು ನಕ್ಕೆನೋ, ಇಲ್ಲವೋ — ಗುಳಿಗೆ ಬಿಡಬೇಡ ಎನ್ನಲಿಲ್ಲ. ಅಷ್ಟು ಖಚಿತ.

ಗುಳಿಗೆ ಬಿಟ್ಟಿದ್ದ ನೀನು ಒಂದು ದಿನ ಶೇಂಗಾ ಬಿಡಿಸುತ್ತ ತಲೆ ತಿರುಗಿ ಬಿದ್ದೆ. ಆಸ್ಪತ್ರೆಯಲ್ಲಿ ಅಳೆದ ಡಾಕ್ಟರು ಕಾರ್ಡು ನೋಡಿ ನನ್ನತ್ತ ತಿರುಗಿದಾಗ, ಯಂತ್ರ ಕೆಟ್ಟಿತ್ತು ಎಂದೆ. ನೀನೂ ನಂಬಿದೆ. ನಾಲ್ಕು ದಿನಕ್ಕೆ ನೀನು ನಡೆದುಕೊಂಡೇ ಮನೆಗೆ ಬಂದೆ — ಈ ವಾಕ್ಯ ಬರೆಯುವಾಗ ಈಗಲೂ ಮೈ ಹಗುರಾಗುತ್ತದೆ.

ರಿಪೇರಿಯಾದ ಯಂತ್ರಕ್ಕೆ ಗದ್ದಲ ಆಗದು ಎಂದು ಇನ್ನೊಂದು ಸುಳ್ಳು ಹೇಳಿದೆ. ನೀನೇ ಗಿರಣಿಯವನಿಗೆ ಕೂಗಿದೆ: “ಏ ಈರಣ್ಣ, ಒಂದು ತಾಸು ನಿಂದರಸಪಾ. ನಿನ್ನ ಹಿಟ್ಟೇನು ಓಡಿ ಹೋಗಂಗಿಲ್ಲ.”

ಗಿರಣಿ ನಿಂತಿತು. ನೀನು ನಳಿಕೆ ಕಸಿದು ನಿನ್ನ ಕಿವಿಗೇ ಇಟ್ಟುಕೊಂಡೆ. “ಒಳಗೂ ಒಂದು ಗಿರಣಿ ಐತೆಲ್ಲ ತಂಗಿ. ಇದನ್ನ ನಿಂದರಸಬಾರದು ನೋಡು.”

ಎಲ್ಲರನ್ನೂ ಹೊಸದಾಗಿ ಅಳೆದೆ, ಇನ್ನಿಬ್ಬರಿಗೆ ಏರಿತ್ತು. ಅಂದಿನಿಂದ ಪ್ರತಿ ವಾರ ಒಂದು ತಾಸು ಗಿರಣಿ ನಿಲ್ಲುತ್ತಿತ್ತು. “ಗುಳಿಗಿ ನುಂಗೀಯೇನ್ಲೇ?” ಎನ್ನುವುದು ಕಟ್ಟೆಯ ಮೇಲಿನ ನಮಸ್ಕಾರವಾಯಿತು. ಅದನ್ನು ಕಲಿಸಿದವಳು ನೀನು. ಹೊಗಳಿಕೆ ಮಾತ್ರ ನನಗೆ ಬಂತು.

ನಾಳೆ ಬೆಳಿಗ್ಗೆ ನಿನ್ನ ಮನೆಗೆ ಬರುತ್ತೇನೆ. ಮೊದಲು ಬಿ.ಪಿ. ನೋಡಿ, ಇದ್ದದ್ದನ್ನು ಇದ್ದಂತೆ ಬರೆಯುತ್ತೇನೆ. ಆಮೇಲೆ ಈ ಕಾಗದವನ್ನು ನಿನಗೆ ಓದಿ ಹೇಳುತ್ತೇನೆ. ನಳಿಕೆಯನ್ನು ಕಿವಿಯಿಂದ ತೆಗೆದಿಟ್ಟು, ನೀನು ಏನನ್ನುತ್ತೀಯೋ — ಕೇಳಿಸಿಕೊಳ್ಳುತ್ತೇನೆ.