ಲೈಬ್ರರಿ ಕಿಟಕಿಯಾಚೆ ಅಜ್ಜಿ ಹಿಡಿದ ಬಣ್ಣಗಳು

ನುಸಿಗುಳಿಗೆಯ ವಾಸನೆ ಬಂದರೆ ನನಗೆ ಬದನೆಕಾಯಿ ನೆನಪಾಗುತ್ತದೆ. ನಮ್ಮ ಪತ್ರಿಕಾ ಕಚೇರಿಯ ಹಿಂಬದಿಯಲ್ಲಿ ಹಳೆಯ ಸಂಚಿಕೆಗಳನ್ನು ಬೈಂಡ್ ಮಾಡಿಟ್ಟಿರುವ ಕೋಣೆಯೊಂದಿದೆ. ಯಾವುದೋ ಸುದ್ದಿಯ ಹಿನ್ನೆಲೆ ಹುಡುಕಲು ಅಲ್ಲಿನ ಬೀರು ತೆಗೆದಾಗಲೆಲ್ಲ ಆ ಘಾಟು ಮೂಗಿಗೆ ಬಡಿಯುತ್ತದೆ. ಕೂಡಲೇ ಮಂಡ್ಯದ ಗ್ರಂಥಾಲಯದ ಉದ್ದನೆಯ ಮೇಜು, ಕಿಟಕಿಯ ಕಬ್ಬಿಣದ ಸರಳು, ಅದರಾಚೆ ಬಿಸಿಲಿನಲ್ಲಿ ಬದನೆಕಾಯಿ ಎತ್ತಿ ಹಿಡಿದು ನಿಂತ ನನ್ನ ಅಜ್ಜಿ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬರುತ್ತವೆ. ನಾನು ವರದಿಗಾರ್ತಿ. ಕಂಡದ್ದನ್ನು ಕಂಡಷ್ಟೇ ಬರೆಯುವುದು ಅಭ್ಯಾಸವಾಗಿದೆ. ಇದನ್ನೂ ಆದಷ್ಟು ಹಾಗೆಯೇ ಬರೆಯುತ್ತೇನೆ.

ಹನಕೆರೆಯಲ್ಲಿ ನಮ್ಮದು ನಾಡಹೆಂಚಿನ ಮನೆ. ಈಗ ಆ ಜಾಗದಲ್ಲಿ ಅಗಲವಾದ ರಸ್ತೆ ಇದೆ, ಮನೆ ಇಲ್ಲ. ನಿಮ್ಮ ಊರಿನಲ್ಲೂ ಅಂಥ ಮನೆಯೊಂದು ಇದ್ದು ಹೋಗಿರಬಹುದು, ಆದ್ದರಿಂದ ಹೆಚ್ಚು ವಿವರಿಸುವುದಿಲ್ಲ. ಮುಂದೆ ಸಗಣಿ ಸಾರಿಸಿದ ಜಗಲಿ, ಒಳಗೆ ತಂಪಾದ ನಡುಮನೆ, ಅದರಾಚೆ ಅಡುಗೆಮನೆ. ಅಡುಗೆಮನೆಯ ಮಾಡಿನಲ್ಲಿ ಒಂದು ಹೆಂಚಿನ ಬದಲು ಗಾಜು ಕೂರಿಸಿದ್ದರು. ಹಗಲು ಆ ಗಾಜಿನಿಂದ ಒಂದು ಕೋಲು ಬಿಸಿಲು ಇಳಿದು, ಒಲೆಯ ಹೊಗೆಯಲ್ಲಿ ನಿಧಾನವಾಗಿ ಸರಿಯುತ್ತ, ಬೆಳಿಗ್ಗೆ ರಾಗಿ ಮಡಕೆಯ ಮೇಲೂ ಮಧ್ಯಾಹ್ನ ಈರುಳ್ಳಿ ಬುಟ್ಟಿಯ ಮೇಲೂ ಬೀಳುತ್ತಿತ್ತು. ಹಿತ್ತಲಲ್ಲಿ ಬದನೆ, ಮೆಣಸಿನ ಗಿಡಗಳು. ಕಬ್ಬು ಕಡಿಯುವ ಕಾಲದಲ್ಲಿ ಮನೆಯೆಲ್ಲ ಹಸಿ ಸೋಗೆಯ ವಾಸನೆ. ದೂರದಲ್ಲಿ ರೈಲು ಕೂಗಿದರೆ ಅಜ್ಜಿ ಒಲೆಯ ಮುಂದಿನಿಂದಲೇ, "ಅಮ್ಮೀ, ನಿನ್ ರೈಲ್ ಬಂತು" ಎನ್ನುತ್ತಿದ್ದಳು. ಅದು ಜಯತ್ತೆಗೆ ಹೇಳುತ್ತಿದ್ದ ಮಾತು.

ಜಯತ್ತೆ ನಮ್ಮ ಅಪ್ಪನ ಕೊನೆಯ ತಂಗಿ. ಮಂಡ್ಯದ ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷ ಓದುತ್ತಿದ್ದಳು. ಪೂರಿಗಾಲಿಯ ಕಡೆ ಗಂಡು ಗೊತ್ತಾಗಿತ್ತು. ಪರೀಕ್ಷೆ ಮುಗಿದ ಮೇಲೆ ಮದುವೆ ಎಂದು ಎರಡೂ ಮನೆಯವರು ಒಪ್ಪಿದ್ದರು. ಆ ವರ್ಷ ತಪ್ಪಿದರೆ ಓದು ಅಲ್ಲಿಗೇ ನಿಲ್ಲುತ್ತಿತ್ತು. ಡ್ರಾಯಿಂಗ್ ಟೀಚರ್ ಆಗಬೇಕೆಂಬುದು ಅವಳ ಒಂದೇ ಆಸೆ. ಸರ್ಟಿಫಿಕೇಟ್ ಇಲ್ಲದೆ ಅದು ಆಗುವ ಮಾತಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಚಿಕ್ಕವಳಾದ ನನಗೂ.

ಕೊನೆಯ ವರ್ಷದವರು ಒಂದು ಫೋಲಿಯೊ ಸಲ್ಲಿಸಬೇಕಿತ್ತು. ಹಳೆಯ ಗೋಡೆಚಿತ್ರಗಳಲ್ಲಿ ಬರುವ ಅಂಚಿನ ವಿನ್ಯಾಸಗಳನ್ನು ಆರಿಸಿ, ಬಣ್ಣದಲ್ಲಿ ತೆಗೆದು, ಅವುಗಳಿಂದ ಹೊಸದೊಂದು ಸೀರೆಯಂಚು ಮಾಡುವುದು. ಅಂಥ ಚಿತ್ರಗಳಿದ್ದ ದಪ್ಪ ಪುಸ್ತಕ ಮಂಡ್ಯದ ಗ್ರಂಥಾಲಯದಲ್ಲಿ ಒಂದೇ ಒಂದು ಇತ್ತು. ಪರಾಮರ್ಶನ ವಿಭಾಗದ್ದಾದ್ದರಿಂದ ಮನೆಗೆ ಕೊಡುತ್ತಿರಲಿಲ್ಲ. ಒಳಗೆ ಬಣ್ಣ, ಕುಂಚ, ಶಾಯಿ ಯಾವುದೂ ಕೂಡದು. ಹಿಂದೆ ಯಾರೋ ಒಂದು ರಾಣಿಯ ಚಿತ್ರಕ್ಕೆ ಮೀಸೆ ಬರೆದು ಹೋಗಿದ್ದರಿಂದ ಬಣ್ಣದ ಪೆನ್ಸಿಲ್ಲಿಗೂ ನಿಷೇಧ. ಜೆರಾಕ್ಸ್ ಕಪ್ಪು ಬಿಳುಪಿನದು. ಜಯತ್ತೆ ಬಟರ್ ಪೇಪರ್ ಇಟ್ಟು ಗೆರೆಗಳನ್ನು ಪೆನ್ಸಿಲ್ಲಿನಲ್ಲಿ ತೆಗೆದುಕೊಂಡು, ಒಳಗೆ 'ಕೆಂಪು', 'ಹಸಿರು' ಎಂದು ಬರೆದುಕೊಂಡು ಬಂದು, ಮನೆಯಲ್ಲಿ ನೆನಪಿನಿಂದ ಬಣ್ಣ ತುಂಬಿದಳು. ಮೇಷ್ಟ್ರು ನೋಡಿ, "ಇದು ಮಿಠಾಯಿ ಅಂಗಡಿ ಬಣ್ಣ. ಮೂಲ ನೋಡಿ ಮತ್ತೆ ಮಾಡಿಕೊಂಡು ಬನ್ನಿ" ಎಂದು ಹಿಂದಿರುಗಿಸಿದರು. ಸಲ್ಲಿಸಲು ಕೆಲವೇ ದಿನ ಉಳಿದಿದ್ದವು.

ಅಂದು ಸಂಜೆ ಜಯತ್ತೆ ಜಗಲಿಯ ಮೇಲೆ ಹಾಳೆಗಳನ್ನು ಹರಡಿಕೊಂಡು ಕೂತಿದ್ದಳು. ಅತ್ತಿರಲಿಲ್ಲ, ಆದರೆ ಮಾತಾಡಿಸಿದರೆ ಅಳುವಂತಿದ್ದಳು. ಅಜ್ಜಿ ಅವರೆಕಾಯಿ ಸುಲಿಯುತ್ತ ಪಕ್ಕದಲ್ಲೇ ಕೂತಳು.

"ಎಂಥ ಕೆಂಪೇ ಅದು?"

"ಹಳೇ ಕೆಂಪು ಕಣವ್ವ."

"ಹಳೇದು ಅಂದ್ರೆ? ಒಗ್ದೂ ಒಗ್ದೂ ಓದ್ ಕೆಂಪಾ, ಬಿಸ್ಲಲ್ಲಿ ಇದ್ದು ಓದ್ ಕೆಂಪಾ?"

ಜಯತ್ತೆ ತಲೆಯೆತ್ತಿ ನೋಡಿದಳು.

"ಅಲ್ಲ ಕಣಮ್ಮಿ, ರವಕೆ ಕಣ ತರಕ್ಕೆ ಮ್ಯಾಚಿಂಗ್ ಸೆಂಟರಿಗೆ ಓಯ್ತೀವಿ. ಸೀರೆ ತಕ್ಕಂಡ್ ಓಯ್ತೀವೋ, ಇಲ್ಲ ಬಾಯಲ್ಲಿ 'ಕೆಂಪು ಕೊಡಪ್ಪ' ಅಂತೀವೋ? ನೀನು ಬರಿಗೈಲಿ ಓಗಿ ಬರಿಗೈಲಿ ಬಂದಿದ್ದೀಯ."

"ಬಣ್ಣ ಒಳಕ್ಕೆ ಬುಡಲ್ಲ ಅಂತ ಏಳ್ಲಿಲ್ವಾ?"

"ಬಣ್ಣ ಬುಡಲ್ಲ. ಬದ್ನೇಕಾಯಿ ಬುಡಲ್ಲ ಅಂದವ್ರಾ?"

ಮರುದಿನ ಬೆಳಗಿನ ರೈಲಿಗೆ ನಾವು ಮೂವರೂ ಹೊರಟೆವು. ಅಜ್ಜಿ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ಕೈಯಲ್ಲಿ ಸಂತೆಗೆ ಒಯ್ಯುವ ಚೀಲ. ಅದರಲ್ಲಿ ಹಿತ್ತಲಿನ ಬದನೆಕಾಯಿ, ಈರುಳ್ಳಿ, ಬೆಳ್ಳುಳ್ಳಿ, ಹಿಡಿ ತೊಗರಿಬೇಳೆ, ಹೊಸ ಬೆಲ್ಲ, ಹಳೆ ಬೆಲ್ಲ, ಒಣಮೆಣಸಿನಕಾಯಿ, ಒಡೆದ ನಾಡಹೆಂಚಿನ ಚೂರುಗಳು. ರೈಲಿನಲ್ಲಿ ಎದುರು ಕೂತ ಹೆಂಗಸು ಯಾರ ಮನೆಗೆ ಎಂದು ಕೇಳಿದಾಗ ಅಜ್ಜಿ ಗಂಭೀರವಾಗಿ, "ಲೈಬ್ರರಿಗೆ" ಎಂದಳು.

ಗ್ರಂಥಪಾಲಕರು ಚೀಲದೊಳಗೆ ಇಣುಕಿ ನೋಡಿದರು. ತೆಳ್ಳಗಿನ, ನಿಯಮದ ಮನುಷ್ಯ. "ಏನಮ್ಮ ಇದು, ಅಡುಗೆ ಮಾಡ್ತೀರಾ ಇಲ್ಲಿ? ನೋಡಿ, ಪುಸ್ತಕ ಆಚೆ ಹೋಗಂಗಿಲ್ಲ, ತರಕಾರಿ ಒಳಗೆ ಬರಂಗಿಲ್ಲ" ಎಂದರು. ಜಯತ್ತೆ ನಾಚಿಕೆಯಿಂದ ನೆಲ ನೋಡಿದಳು. ಅಜ್ಜಿಗೆ ನಾಚಿಕೆಯೇನೂ ಆಗಲಿಲ್ಲ. ಸುತ್ತ ಕಣ್ಣಾಡಿಸಿ, "ನಾನು ಆಚೆ ಕಿಟಕಿ ತಾವ್ ನಿಂತ್ಕಂಡ್ರೆ ನಿಮ್ಗೇನಾರ ತೊಂದ್ರೆನಾ ಸಾಮಿ?" ಎಂದು ಕೇಳಿದಳು. ಅವರು ಸ್ವಲ್ಪ ಯೋಚಿಸಿ, ಆಚೆ ನಿಂತರೆ ಅದು ತಮಗೆ ಸೇರಿದ್ದಲ್ಲ ಎಂದರು.

ಹಾಗಾಗಿ ಪುಸ್ತಕ ಕಿಟಕಿಯ ಪಕ್ಕದ ಮೇಜಿಗೆ ಬಂತು. ಜಯತ್ತೆ ಪುಟ ಬಿಡಿಸಿ ಅದನ್ನು ಸರಳಿನ ಕಡೆಗೆ ವಾಲಿಸಿ ಹಿಡಿದಳು. ಅಜ್ಜಿ ಆಚೆ ವರಾಂಡದಲ್ಲಿ ನಿಂತು ಒಂದೊಂದನ್ನೇ ಎತ್ತಿ ತೋರಿಸಿದಳು. ಹಸಿರಿಗೆ ಬದನೆಕಾಯಿಯ ತೊಟ್ಟು ಸರಿಹೊಂದಿತು, ಕಪ್ಪಿನಂಥ ನೀಲಿಗೆ ಅದರ ಹೊಟ್ಟೆ. ಹಳದಿಗೆ ತೊಗರಿಬೇಳೆ, ಮಾಸಿದ ಬಿಳಿಗೆ ಬೆಳ್ಳುಳ್ಳಿಯ ಸಿಪ್ಪೆ. ಜಯತ್ತೆ ಒಂದೊಂದನ್ನೂ ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡಳು. ದಿನಪತ್ರಿಕೆ ಓದುತ್ತಿದ್ದವರೆಲ್ಲ ಓದು ಬಿಟ್ಟು ಇತ್ತ ತಿರುಗಿದ್ದರು. ಒಬ್ಬ ಹುಡುಗ, "ಏನಜ್ಜಿ, ಬದ್ನೇಕಾಯಿ ಕೇಜಿ ಎಂಗೆ?" ಎಂದ.

"ನಿಂಗೆ ಮಾರಲ್ಲ, ಪೇಪರ್ ಓದ್ಲಾ" ಎಂದಳು ಅಜ್ಜಿ.

ಕೆಂಪು ಮಾತ್ರ ಕೂಡಲಿಲ್ಲ. ಈರುಳ್ಳಿ ಸಿಪ್ಪೆ ಗುಲಾಬಿಗೆ ಹೋಯಿತು, ಮೆಣಸಿನಕಾಯಿ ಜಾಸ್ತಿ ಉರಿಯಿತು, ಹೆಂಚಿನ ಚೂರು ಪೇಲವವಾಯಿತು. ಜಯತ್ತೆಯ ಮುಖ ಮತ್ತೆ ಇಳಿಯಿತು. ಇಡೀ ಅಂಚಿಗೆ ಆ ಕೆಂಪೇ ಆಧಾರ. ಅಜ್ಜಿ ವರಾಂಡದ ಕೊನೆಯ ನಲ್ಲಿಗೆ ಹೋಗಿ, ಹೆಂಚಿನ ಚೂರನ್ನು ನೀರಿಗೆ ಹಿಡಿದು ತಂದಳು. ಒದ್ದೆಯಾದ ಹೆಂಚು ಸರಳಿನ ನಡುವೆ ಬಂದಾಗ ಪುಸ್ತಕದ ಕೆಂಪಿಗೂ ಅದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಗ್ರಂಥಪಾಲಕರು ಯಾವಾಗ ಎದ್ದು ಬಂದಿದ್ದರೋ ನಮ್ಮ ಬೆನ್ನ ಹಿಂದೆಯೇ ನಿಂತಿದ್ದರು. "ಬೇಗ ನೋಡ್ಕೊಳಮ್ಮ, ಒಣಗ್ತಾ ಇದೆ" ಎಂದರು.

ಮುಂದಿನ ದಿನಗಳಲ್ಲಿ ನಮ್ಮ ಜಗಲಿಯೇ ಚಿತ್ರಶಾಲೆಯಾಯಿತು. ಗೋಡೆಗುಂಟ ತಟ್ಟೆಗಳಲ್ಲಿ ಬದನೆಕಾಯಿ, ಬೇಳೆ, ನೀರು ಚಿಮುಕಿಸುತ್ತಲೇ ಇರಬೇಕಾದ ಹೆಂಚು. ನೀರು ಚಿಮುಕಿಸುವುದು ನನ್ನ ಕೆಲಸ. ಜಯತ್ತೆ ಬಣ್ಣ ಕಲೆಸಿ ಹಾಳೆಯ ತುಣುಕಿಗೆ ಬಳಿದು ಹೆಂಚಿನ ಪಕ್ಕ ಇಡುತ್ತಿದ್ದಳು. ಅಜ್ಜಿ ಒಲೆಯಿಂದ ಎದ್ದು ಬಂದು, ಕೈಯೊರೆಸಿಕೊಳ್ಳುತ್ತ ನೋಡಿ, "ಇನ್ನೂ ಒಸಿ" ಎಂದು ಹೇಳಿ ಹೋಗುತ್ತಿದ್ದಳು. ಗಿಡದಲ್ಲಿ ಉಳಿದಿದ್ದ ಬದನೆಕಾಯಿಗಳನ್ನೂ ಯಾರೂ ಕೀಳುವಂತಿರಲಿಲ್ಲ, ತಟ್ಟೆಯಲ್ಲಿದ್ದದ್ದು ಬಾಡಿದರೆ ಹೊಸದು ಬೇಕಿತ್ತು. ಅಪ್ಪ ಮುದ್ದೆ ಮುರಿಯುತ್ತ, "ನಮ್ಮನೇಲಿ ಬದ್ನೇಕಾಯೂ ಪರೀಕ್ಸೆ ಬರೀತಾವೆ ಕಣಪ್ಪ" ಎಂದು ಬರೀ ಸಾರಿನಲ್ಲಿ ಊಟ ಮುಗಿಸುತ್ತಿದ್ದರು. ಹಾಳೆಗಳ ಮೇಲೆ ಬಣ್ಣ ಒಣಗುವವರೆಗೆ ನಾವೆಲ್ಲ ಹಿತ್ತಲ ಬಾಗಿಲಿನಿಂದ ಓಡಾಡುತ್ತಿದ್ದೆವು, ಧೂಳೇಳದಿರಲಿ ಎಂದು.

ಫೋಲಿಯೊದ ಕೊನೆಯ ಪುಟದಲ್ಲಿ ಯಾವ ಯಾವ ಆಕರ ನೋಡಿದ್ದೇವೆಂದು ಬರೆಯಬೇಕಿತ್ತು. ಜಯತ್ತೆ ಪುಸ್ತಕದ ಹೆಸರು, ಗ್ರಂಥಾಲಯದ ಹೆಸರು ಬರೆದು, ಅದರ ಕೆಳಗೆ 'ಬಣ್ಣಗಳಿಗೆ: ನಿಂಗಮ್ಮ, ಹನಕೆರೆ' ಎಂದು ಸೇರಿಸಿದ್ದಳು. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಅಲ್ಲಿ ಬೆರಳಿಟ್ಟು, "ಇವರು ಯಾವ ಕಾಲೇಜಿನವರು?" ಎಂದರಂತೆ. "ನಮ್ಮವ್ವ ಸಾರ್" ಎಂದಳಂತೆ ಜಯತ್ತೆ. ಅವರು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಏನೋ ಬರೆದುಕೊಂಡರು. ಬರೆದದ್ದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಫಲಿತಾಂಶದವರೆಗೂ ಅವಳು ಸರಿಯಾಗಿ ಉಣ್ಣಲಿಲ್ಲ.

ಪಾಸಾಗಿದ್ದಳು. ಸುದ್ದಿ ತಂದ ಸಂಜೆ ಹೆಸರು ಬರೆದ ವಿಷಯವನ್ನೂ ಹೇಳಿದಾಗ ಅಜ್ಜಿ ಸಿಟ್ಟಾದಳು. "ನನ್ನೆಸ್ರು ಯಾಕ್ ಬರ್ದ್ಯೇ? ಪೇಲ್ ಮಾಡಿದ್ರೆ? ನಾನೇನ್ ಮಾಡ್ದೆ, ಬದ್ನೇಕಾಯಿ ಇಡ್ಕಂಡ್ ನಿಂತಿದ್ದೆ ಅಷ್ಟೇಯ." ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, ಆ ಹೆಸರು ಎಲ್ಲಿತ್ತು, ಮೇಲಾ ಕೆಳಗಾ, ದೊಡ್ಡ ಅಕ್ಷರದಲ್ಲಾ ಎಂದು ಮೆಲ್ಲಗೆ ವಿಚಾರಿಸಿದಳು. ಅಂದು ಹಿತ್ತಲಲ್ಲಿದ್ದ ಬದನೆಕಾಯಿಯನ್ನೆಲ್ಲ ಕಿತ್ತು ಎಣ್ಣೆಗಾಯಿ ಮಾಡಿದಳು.

ಜಯತ್ತೆ ಮದುವೆಯಾಗಿ ಪೂರಿಗಾಲಿಗೆ ಹೋದಳು. ಮಳವಳ್ಳಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಡಂ ಆದಳು. ಫೋಲಿಯೊ ಮಂಡ್ಯದ ಚಿತ್ರಕಲಾ ಶಾಲೆಯಲ್ಲೇ ಉಳಿಯಿತು, ಹಿಂದಕ್ಕೆ ಕೊಡುವ ಪದ್ಧತಿ ಇರಲಿಲ್ಲ. ನಾನು ಓದಿ ಪತ್ರಿಕೆಗೆ ಸೇರಿದೆ. ರಸ್ತೆ ಅಗಲವಾಗುವ ಮೊದಲೇ, ಆ ಮನೆಯಲ್ಲೇ, ಅಜ್ಜಿ ತೀರಿಕೊಂಡಳು. ನಮ್ಮ ಪತ್ರಿಕೆಯ ಜಿಲ್ಲಾ ಪುಟಕ್ಕೆ ನಿಧನ ವಾರ್ತೆಯನ್ನು ನಾನೇ ಬರೆದೆ. ಹೆಸರು, ಊರು, ವಯಸ್ಸು, ಅಗಲಿದವರ ವಿವರ, ಅಂತ್ಯಕ್ರಿಯೆ ನಡೆದ ಜಮೀನು. ಯಾವ ಮಾತೂ ಹೆಚ್ಚಿರಲಿಲ್ಲ, ತಪ್ಪೂ ಇರಲಿಲ್ಲ. ಮರುದಿನ ಜಯತ್ತೆ ಫೋನ್ ಮಾಡಿದಳು.

"ಎಲ್ಲಾ ಸರಿಯಾಗೇ ಬರ್ದಿದ್ದೀಯ ಕಣಮ್ಮಿ. ಆದ್ರೆ ಓದುದ್ರೆ ಯಾರೋ ನಿಂಗಮ್ಮ ಅನ್ಸ್ತದೆ. ನಮ್ಮವ್ವ ಅನ್ಸಲ್ಲ."

ನಿಧನ ವಾರ್ತೆಗೆ ಅಷ್ಟೇ ಜಾಗ ಕೊಡುವುದು ಅತ್ತೆ ಎಂದೆ.

"ಓಗ್ಲಿ ಬುಡು. ಯಾವತ್ತಾರ ಬಿಡುವಾದಾಗ ನೀನೇ ಒಸಿ ಜಾಸ್ತಿ ಬರಿ" ಎಂದಳು.